ನೀಲಗಿರಿ ಬೊಡ್ಡೆ ಮತ್ತು ನಾದಿನಿಯ ಕೈ

ಹೋದ ವಾರ ಹಾನುಬಾಳಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗುತ್ತಿದ್ದೆ. ಮಡಿಲಲ್ಲಿ ಒಂದು ಚೀಲ, ಚೀಲದಲ್ಲಿ ನಾದಿನಿಗೆ ಅಂತ ಕರಿದ ಕೋಡುಬಳೆ. ಊರು ಇನ್ನೊಂದು ತಿರುವಿನಾಚೆ ಇದೆ ಅನ್ನುವಾಗ ಕಿಟಕಿಯಿಂದ ಒಂದು ವಾಸನೆ ನುಗ್ಗಿತು. ಡೀಸೆಲ್ ಹೊಗೆ, ಅದರ ಜೊತೆಗೆ ನೆಲದಡಿಯಿಂದ ಆಗತಾನೇ ಕಿತ್ತ ಬೇರಿನ ಹಸಿ ವಾಸನೆ. ಎಲ್ಲೋ ಟ್ರ್ಯಾಕ್ಟರ್ ತಿಣುಕುವ ಸದ್ದೂ ಕೇಳಿಸಿತು. ನನ್ನ ಎಡಗಾಲು ತನ್ನಷ್ಟಕ್ಕೆ ತಾನೇ ಬಸ್ಸಿನ ನೆಲವನ್ನು ಒತ್ತಿ ಹಿಡಿಯಿತು.

ಪಕ್ಕದಲ್ಲಿ ಕೂತಿದ್ದ ಹೆಂಗಸು, "ಕಾಲು ಜೋಮು ಹಿಡೀತಾ ಅಕ್ಕ?" ಅಂದಳು.

"ಇಲ್ಲ ಕಣಮ್ಮ, ಕ್ಲಚ್ ಒತ್ತಿದೆ" ಅಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಆ ಕಡೆ ತಿರುಗಿಕೊಂಡಳು.

ಆ ವಾಸನೆಗೆ ನನ್ನ ಹೊಟ್ಟೆಯಲ್ಲಿ ಎದ್ದದ್ದು ಹಸಿವಲ್ಲ, ಕಿಚ್ಚು. ಹೊಟ್ಟೆಕಿಚ್ಚು ಅಂದರೆ ಜನ ಅದೇನೋ ಕೆಟ್ಟ ರೋಗ ಅನ್ನುವ ಹಾಗೆ ಮುಖ ಸಿಂಡರಿಸುತ್ತಾರೆ. ನನಗೆ ಆ ಸಂಕೋಚವೆಲ್ಲ ಇಲ್ಲ. ಒಂದು ಸಲ ತಿಂಗಳುಗಟ್ಟಲೆ ನಾನು ಹೊಟ್ಟೆಕಿಚ್ಚಿನಲ್ಲೇ ಬದುಕಿದ್ದೇನೆ, ಅದರಲ್ಲೇ ದುಡಿದಿದ್ದೇನೆ. ನಮ್ಮ ಮನೆ ಹಿಂದಿನ ನೀಲಗಿರಿ ಕಡಿಸಿದ ವರ್ಷ ಅದು.

ನಮ್ಮೂರು ಆಲೂರಿನಿಂದ ಸಕಲೇಶಪುರದ ಕಡೆಗೆ ಬೆಟ್ಟ ಏಳಲು ಶುರುವಾಗುವ ಜಾಗದಲ್ಲಿದೆ. ಎಲ್ಲರೂ ನೀಲಗಿರಿ ಹಾಕುತ್ತಿದ್ದ ಕಾಲದಲ್ಲಿ ನಮ್ಮ ಮಾವನವರೂ ಮನೆ ಹಿಂದಿನ ಇಳಿಜಾರಿಗೆ ನೀಲಗಿರಿ ಹಾಕಿದ್ದರು. ಅವರು ಹೋದ ಮೇಲೆ ಬಹಳ ವರ್ಷ ಅದು ಹಾಗೇ ನಿಂತಿತ್ತು. ಕಡೆಗೆ ನಮ್ಮ ಯಜಮಾನರು, ಹೆಸರು ಮಂಜೇಗೌಡ ಅಂತ, ಮನಸ್ಸು ಮಾಡಿ ಕಡಿಸಿ ಕಾಫಿ ಹಾಕೋಣ ಅಂದರು. ಮರದ ವ್ಯಾಪಾರಿ ಬಂದು ಮರ ಉರುಳಿಸಿ, ದಿಮ್ಮಿಗಳನ್ನು ಲಾರಿಗೆ ಹೇರಿ ಬಾಳ್ಳುಪೇಟೆ ಕಡೆಗೆ ಹೊರಟುಹೋದ. ಮರದ ಮೈ ಅವನು ತಗೊಂಡ, ಕಾಲು ನಮಗೆ ಬಿಟ್ಟ. ಇಳಿಜಾರಿನ ತುಂಬ ಬೊಡ್ಡೆಗಳು. ನೀಲಗಿರಿಯ ಬೊಡ್ಡೆಯನ್ನು ಹಾಗೇ ಬಿಟ್ಟರೆ ಮುಗಿಯಿತು, ಒಂದು ಮಳೆಗೆ ಚಿಗುರಿ, ಕಡಿದ ಒಂದು ಮರಕ್ಕೆ ನಾಲ್ಕಾಗಿ ಏಳುತ್ತದೆ. ಬೇರು ಸಮೇತ ಕೀಳಲೇಬೇಕು.

ಮಣ್ಣು ಬಗೆಯುವ ದೊಡ್ಡ ಮಿಷನ್ ತರಿಸಿ ಅಂದವರುಂಟು. ನಮ್ಮ ಜಾಗಕ್ಕೆ ಇರುವ ದಾರಿ ಅಕ್ಕಪಕ್ಕದವರ ಕಾಫಿ ಗಿಡದ ನಡುವೆ, ಟ್ರ್ಯಾಕ್ಟರೇ ಮೈ ಕುಗ್ಗಿಸಿಕೊಂಡು ಬರಬೇಕು. ಅಲ್ಲದೆ ಇವರಿಗೆ ಒಂದು ಹಟ. "ಮಿಷನ್ ಬಂದ್ರೆ ಮೇಲ್ಮಣ್ಣೆಲ್ಲ ಕೆಳಗೆ ಹಾಕ್ಬುಡ್ತದೆ ಕಣೆ. ನಮ್ಮ ಟ್ರ್ಯಾಕ್ಟರ್ ಐತೆ, ಚೈನೈತೆ. ಯುಗಾದಿ ಹೊತ್ಗೆ ಕಿತ್ತು ಮುಗಿಸ್ತೀನಿ" ಅಂದರು.

ಯುಗಾದಿಯ ಗಡುವು ಬಂದದ್ದು ಹೊನ್ನೇರಿನಿಂದ. ನಮ್ಮ ಕಡೆ ಯುಗಾದಿ ದಿನ ವರ್ಷದ ಮೊದಲ ಉಳುಮೆ, ಅದೇ ಹೊನ್ನೇರು. ಹಿಂದೆ ಎತ್ತು ತೊಳೆದು ಅರಿಸಿನ ಹಚ್ಚಿ ಕಟ್ಟುತ್ತಿದ್ದರು, ಈಗ ಟ್ರ್ಯಾಕ್ಟರ್ ತೊಳೆದು ಹಚ್ಚುತ್ತಾರೆ. ಊರಿನ ಹೊನ್ನೇರು ಯಾರ ಹೊಲದಿಂದ ಏಳಬೇಕು ಅಂತ ಹಿರಿಯರು ಹೇಳುತ್ತಾರೆ. ಆ ವರ್ಷ ಇವರ ದೊಡ್ಡಪ್ಪ ಪುಟ್ಟೇಗೌಡರು ನಮ್ಮ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು, "ಈ ಸಲ ಮೂಡ್ಲ ದಿಕ್ಕಿಂದ ಏಳ್ಬೇಕು ಅಂತ ಪಂಚಾಂಗದಲ್ಲೈತೆ. ನಿನ್ನ ಹೊಸ ಜಾಗದಿಂದ್ಲೇ ಏಳ್ಲಿ ಕಣೋ ಮಂಜ" ಅಂದುಬಿಟ್ಟರು. ಹೊನ್ನೇರು ಎದ್ದ ಮೇಲೆ ಸಾಲು ಮುಗಿಯುವ ತನಕ ನಿಲ್ಲಬಾರದು. ಬೇರಿಗೆ ಸಿಕ್ಕಿಕೊಂಡು ನೇಗಿಲು ನಿಂತರೆ ಊರಿಗೆಲ್ಲ ಆ ವರ್ಷ ಅಡ್ಡಿ. ಇನ್ನೊಂದು ಕಟ್ಟಳೆಯೂ ಇದೆ: ನೇಗಿಲನ್ನು ಹೆಂಗಸು ಮುಟ್ಟುವ ಹಾಗಿಲ್ಲ. ಬೊಡ್ಡೆ ಕೀಳುವ ಚೈನನ್ನು ಮಾತ್ರ ಧಾರಾಳವಾಗಿ ಮುಟ್ಟಬಹುದು. ಆ ಕಟ್ಟಳೆ ಮಾಡಿದವರು ಯಾರೋ, ಹೆಂಗಸರ ಕೈಲಿ ಕೆಲಸ ತೆಗೆಸುವುದು ಹೇಗೆ ಅಂತ ಚೆನ್ನಾಗಿ ತಿಳಿದವರು.

ದೀಪಾವಳಿ ಕಳೆದು ನೆಲ ಆರಿದ ಮೇಲೆ ಕೆಲಸ ಶುರುವಾಯಿತು. ಇವರು ಸ್ಟೇರಿಂಗಿಗೆ, ನಾನು ಚೈನಿಗೆ. ಬೊಡ್ಡೆಯ ಸುತ್ತ ಗುದ್ದಲಿಯಲ್ಲಿ ಬಿಡಿಸಿ, ಪಕ್ಕದ ಬೇರುಗಳನ್ನು ಕೊಡಲಿಯಲ್ಲಿ ಕಡಿದು, ಬುಡಕ್ಕೆ ಚೈನು ಸುತ್ತಿ, ಬೊಡ್ಡೆಯ ಮುಂದೆ ಒಂದು ದಿಮ್ಮಿ ಇಟ್ಟು ಅದರ ಮೇಲೆ ಚೈನು ಹಾಯಿಸಬೇಕು. ಆಗ ಟ್ರ್ಯಾಕ್ಟರ್ ಮುಂದಕ್ಕೆ ಎಳೆದರೆ ಬೊಡ್ಡೆ ಮೇಲಕ್ಕೆ ಏಳುತ್ತದೆ. ಚೈನಿನ ಇನ್ನೊಂದು ತುದಿಯನ್ನು ಟ್ರ್ಯಾಕ್ಟರಿನ ಕೆಳಗಿನ ಕೊಕ್ಕೆಗೇ ಹಾಕಬೇಕು. ಮೇಲಿನದಕ್ಕೆ ಹಾಕಿದರೆ ಬೊಡ್ಡೆ ಬದಲು ಟ್ರ್ಯಾಕ್ಟರೇ ಮುಂಗಾಲೆತ್ತಿ ಹಿಂದಕ್ಕೆ ಬೀಳುತ್ತದೆ, ಡ್ರೈವರು ಅದರಡಿಗೆ.

ಮೊದಲ ದಿನವೇ ಇವರು ಹೇಳಿದರು: "ಎಂಜಿನ್ ಸದ್ದಲ್ಲಿ ನಂಗೆ ಏನೂ ಕೇಳ್ಸಲ್ಲ ಜಯ. ಯಾರು ಬಡ್ಕಂಡ್ರೂ ಕೇಳ್ಸಲ್ಲ. ನಿನ್ನ ಕೈ ಒಂದೇ ನೋಡ್ತೀನಿ. ಬೆರಳು ತಿರುಗಿಸಿದ್ರೆ ಎಳೀತೀನಿ. ಅಂಗೈ ಎತ್ತಿದ್ರೆ ನಿಲ್ಸ್ತೀನಿ. ಅಂಗೈ ಕೆಳಗಿಳಿಸಿದ್ರೆ ಎಂಜಿನ್ ಆಫ್ ಮಾಡಿ ಇಳ್ದುಬುಡ್ತೀನಿ."

ಆ ಮಾತು ನನಗೆ ಎಷ್ಟು ಹಿತವಾಯಿತು ಅಂತ ಹೇಳಿದರೆ ನಗುತ್ತೀರಿ. ಮದುವೆಯಾಗಿ ಮಕ್ಕಳು ಹಾಸ್ಟೆಲಿಗೆ ಹೋಗುವಷ್ಟು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಇವರು ನನ್ನನ್ನು ಬೆಳಗಿಂದ ಸಂಜೆವರೆಗೆ ಒಂದೇ ಸಮ ನೋಡಿದ್ದು ಅದೇ ಮೊದಲು. ಸೀಟಿನ ಮೇಲೆ ಮೈ ತಿರುಗಿಸಿ, ಕಣ್ಣು ಮಿಟುಕಿಸದೆ, ನಾನು ಬೆರಳಾಡಿಸಿದರೆ ಎಳೆಯುವುದು, ಕೈ ಎತ್ತಿದರೆ ನಿಲ್ಲುವುದು. ಬೆಳಗಿನ ಮಂಜು ಇನ್ನೂ ಇಳಿಜಾರಿನ ಕೆಳಗಿನ ಹಳ್ಳದ ಮೇಲೆ ಮಲಗಿರುತ್ತಿತ್ತು, ನಾನಾಗಲೇ ಇವರ ಹಳೇ ಶರಟು ಸೀರೆ ಮೇಲೆ ತೊಟ್ಟು ಹೊರಟುಬಿಡುತ್ತಿದ್ದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಎದ್ದರೆ ಎದ್ದವು, ನನಗೇನೂ ಅನ್ನಿಸಲಿಲ್ಲ.

ಆಗ ಬಂದಳು ಸುಮಿತ್ರ, ಇವರ ತಂಗಿ. ಹಾನುಬಾಳಿಗೆ ಕೊಟ್ಟಿತ್ತು. ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ಗಂಡನ ಮನೆಯಲ್ಲಿ ಅವಳ ಪಾಲಿನ ಜಾಗದ ಮಾತುಕತೆ ಎಳೆದಾಡುತ್ತಿತ್ತು. ಅದು ಇತ್ಯರ್ಥವಾಗುವ ತನಕ ತವರಲ್ಲಿರಲಿ ಅಂತ ಇವರೇ ಹೋಗಿ ಕರೆದುಕೊಂಡು ಬಂದರು. ಬಂದ ಮಾರನೇ ದಿನ ಬೆಳಿಗ್ಗೆ ಬಾಚಿದ ತಲೆಗೆ ಟವೆಲ್ ಸುತ್ತಿಕೊಂಡು ನಮ್ಮ ಹಿಂದೆ ಇಳಿಜಾರಿಗೆ ಬಂದಳು. ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ನಾನು ಸುತ್ತಿದ್ದ ಚೈನು ಒಂದು ಬೊಡ್ಡೆಯಿಂದ ಜಾರಿಕೊಂಡಿತು.

"ಒಸಿ ಕೊಡಿ ಅತ್ತಿಗೆ ಇಲ್ಲಿ" ಅಂದಳು.

ಕೊಟ್ಟೆ. ಕೊಟ್ಟದ್ದೇ ತಪ್ಪಾಯಿತು. ಅವಳು ಚೈನನ್ನು ಬೊಡ್ಡೆಯ ಹಿಂಬದಿಯಿಂದ ಎರಡು ಸುತ್ತು ತಂದು, ಬೇರಿನ ಕವಲೊಂದಕ್ಕೆ ಸಿಕ್ಕಿಸಿ, ಬೆರಳು ತಿರುಗಿಸಿದಳು. ಬೊಡ್ಡೆ ಹಲ್ಲು ಕಿತ್ತ ಹಾಗೆ ಎದ್ದು ಬಂತು.

ಇವರು ಸೀಟಿನ ಮೇಲೇ ನಕ್ಕರು. ನನ್ನ ಜೊತೆ ಕೆಲಸ ಮಾಡುವಾಗ ಹಾಗೆ ನಕ್ಕಿರಲಿಲ್ಲ. "ಸುಮಿ ಕಟ್ಟಿದ್ರೆ ಜಾರಲ್ಲ ಕಣೆ ಜಯ. ಅಪ್ಪನ ಜೊತೆ ಸಸಿ ನೆಟ್ಟೋಳಲ್ವಾ, ಯಾವ ಬೇರು ಯಾವ ಕಡೆ ಹೋಗೈತೆ ಅಂತ ಅವ್ಳಿಗೆ ಗೊತ್ತು. ನೀನು ಒಂಚೂರು ಅಡುಗೆ ಕಡೆ ನೋಡ್ಕ, ಬಿಸಿ ರೊಟ್ಟಿ ತಿಂದು ಬಾಳ ದಿನ ಆಯ್ತು" ಅಂದರು.

ಅಲ್ಲಿಗೆ ನನ್ನ ಕೆಲಸ ಹೋಯಿತು. ಹಳ್ಳದಾಚೆ ಕಾಫಿ ಕುಯ್ಲು ಜೋರಾಗಿತ್ತು, ಊರಿಗೆ ಊರೇ ತೋಟದಲ್ಲಿತ್ತು. ನಾನೊಬ್ಬಳು ಒಲೆ ಮುಂದೆ. ಅಕ್ಕಿ ರೊಟ್ಟಿ ತಟ್ಟುತ್ತಾ ಹಿತ್ತಿಲ ಬಾಗಿಲಿಂದ ಇಳಿಜಾರು ನೋಡುತ್ತಿದ್ದೆ. ಸುಮಿತ್ರ ಬೆರಳು ತಿರುಗಿಸುತ್ತಿದ್ದಳು, ಇವರು ಅವಳನ್ನೇ ನೋಡುತ್ತಿದ್ದರು. ನಡುನಡುವೆ ಅಣ್ಣ ತಂಗಿ ಏನೋ ಹಳೇದು ನೆನೆಸಿಕೊಂಡು ನಗುವುದು. ಅಪ್ಪ ಹಾಗಂದಿದ್ರು, ಅವ್ವ ಹೀಗೆ ಬೈದಿದ್ರು. ಆ ನೆನಪುಗಳಲ್ಲಿ ನನಗೆ ಕಾಲಿಡಲೂ ಜಾಗವಿಲ್ಲ. ನಾನು ಆ ಮನೆಗೆ ಬಂದದ್ದು ಸಸಿ ಮರವಾದ ಮೇಲೆ.

ಗಂಡ ಸತ್ತು ತವರಿಗೆ ಬಂದವಳ ಮೇಲೆ ಹೊಟ್ಟೆಕಿಚ್ಚು ಪಡುತ್ತಾರೆಯೇ ಅಂತ ನೀವು ಕೇಳಬಹುದು. ಪಡುತ್ತಾರೆ. ಅವಳಿಗೆ ದುಃಖವಿದೆ ಅಂತ ನನಗೆ ಗೊತ್ತಿತ್ತು, ಅಯ್ಯೋ ಪಾಪ ಅಂತಲೂ ಅನ್ನಿಸುತ್ತಿತ್ತು. ಪಾಪ ಅನ್ನಿಸುವುದು ಒಂದು ಕಡೆ, ಉರಿಯುವುದು ಒಂದು ಕಡೆ, ಎರಡೂ ಒಂದೇ ಹೊಟ್ಟೆಯಲ್ಲಿ ಹಾಯಾಗಿ ಇರುತ್ತವೆ. ಅವಳ ತಟ್ಟೆಗೆ ಸೀದ ರೊಟ್ಟಿಯೇ ಬೀಳುತ್ತಿತ್ತು. ಅವಳು ಅದನ್ನು ಚಟ್ನಿ ಹಚ್ಚಿಕೊಂಡು ಚಪ್ಪರಿಸಿ ತಿಂದು, "ಗರಿಗರಿಯಾಗೈತೆ ಅತ್ತಿಗೆ, ಇನ್ನೊಂದು ಹಾಕಿ" ಅನ್ನುತ್ತಿದ್ದಳು. ಅಷ್ಟು ಸುಖವನ್ನೂ ನನಗೆ ಸಿಗಗೊಡಲಿಲ್ಲ.

ಸಂಕ್ರಾಂತಿ ಆದ ಮೇಲೆ ಒಂದು ಬೆಳಿಗ್ಗೆ ಇವರು ಇಬ್ಬನಿಗೆ ಒದ್ದೆಯಾದ ಫುಟ್‌ರೆಸ್ಟಿನಿಂದ ಇಳಿಯುವಾಗ ಜಾರಿ, ಕಿತ್ತ ಬೊಡ್ಡೆಯ ಗುಂಡಿಗೆ ಕಾಲು ಹಾಕಿದರು. ಪಾದದ ಮೂಳೆ ಮುರಿಯಿತು. ಸಕಲೇಶಪುರಕ್ಕೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿ ತಂದು ಜಗಲಿ ಮೇಲೆ ಕೂರಿಸಿದೆವು. ಅಲ್ಲಿಂದ ಇಳಿಜಾರು ಕಾಣುತ್ತದೆ. ಅರ್ಧ ಇಳಿಜಾರಿನಲ್ಲಿ ಬೊಡ್ಡೆಗಳು ಹಾಗೇ ಇದ್ದವು, ಕೆಲವು ಆಗಲೇ ಕೆಂಪಗೆ ಚಿಗುರಿದ್ದವು. ಡ್ರೈವರುಗಳೆಲ್ಲ ಕಾಫಿ ಸಾಗಣೆಗೆ, ಶುಂಠಿ ಹೊಲಕ್ಕೆ. ಯಾರಿಗೆ ಫೋನ್ ಮಾಡಿದರೂ ಹಬ್ಬದ ಮೇಲೆ ನೋಡಾಣ ಅನ್ನುವವರೇ.

ದೊಡ್ಡಪ್ಪ ಬಂದು ನೋಡಿ, "ಹಂಗಾದ್ರೆ ಹೊನ್ನೇರು ಬೇರೆಯವ್ರ ಹೊಲಕ್ಕೆ ಹಾಕ್ಲೇನಪ್ಪ?" ಅಂದರು. ಇವರು ತಲೆ ತಗ್ಗಿಸಿದರು. ಈ ಮನುಷ್ಯ ತಲೆ ತಗ್ಗಿಸಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ನಾನು ಓಡಿಸ್ತೀನಿ" ಅಂದೆ.

"ನೀನಾ?" ಅಂತ ಇವರು ನಕ್ಕರು.

ಕಾಫಿ ಒಣಗಿಸುವ ಕಣದಲ್ಲಿ ಟ್ರ್ಯಾಕ್ಟರನ್ನು ಹಿಂದೆ ಮುಂದೆ ಮಾಡುತ್ತಿದ್ದವಳು ನಾನೇ. ಇವರು ಊಟಕ್ಕೆ ಕೂತಾಗ ಟ್ರೈಲರನ್ನು ಸ್ಟೋರಿನ ಬಾಗಿಲಿಗೆ ಒತ್ತರಿಸಿ ನಿಲ್ಲಿಸುತ್ತಿದ್ದವಳೂ ನಾನೇ. ಹೆಂಗಸು ಮಾಡಿದ ಕೆಲಸ ಕೆಲಸದ ಲೆಕ್ಕಕ್ಕೆ ಸೇರಲು ಯಾರಾದರೂ ಕಣ್ಣಲ್ಲಿ ನೋಡಿರಬೇಕು. ನೋಡಿದವಳು ಒಬ್ಬಳಿದ್ದಳು.

"ಓಡಿಸ್ತಾರೆ ಬುಡಣ್ಣಯ್ಯ. ಕಣದಲ್ಲಿ ನೋಡಿವ್ನಿ. ನಿನಗಿಂತ ನಯವಾಗಿ ರಿವರ್ಸ್ ತಗೋತಾರೆ" ಅಂದಳು ಸುಮಿತ್ರ.

ಇವಳಿಂದ ನನಗೆ ಶಿಫಾರಸು ಬೇರೆ! ಉರಿಯುವ ಒಲೆಗೆ ಎಣ್ಣೆ ಹೊಯ್ದ ಹಾಗಾಯಿತು. ಬೇಡ ಅನ್ನಲೂ ಆಗಲಿಲ್ಲ. ಮಾರನೇ ಬೆಳಿಗ್ಗೆ ಸೀರೆ ಎತ್ತಿಕಟ್ಟಿ ಸೀಟಿನ ಮೇಲೆ ಕೂತೆ. ಕೂತ ಮೇಲೆ ತಿಳಿಯಿತು, ನಾನು ಎಂಥ ಬಲೆಗೆ ಬಿದ್ದಿದ್ದೇನೆ ಅಂತ. ಯಾರ ಮುಖ ಕಂಡರೆ ಮೈಯುರಿಯುತ್ತಿತ್ತೋ ಅವಳನ್ನು ಈಗ ಬೆಳಗಿಂದ ಸಂಜೆವರೆಗೆ ನಾನು ಕಣ್ಣು ಮಿಟುಕಿಸದೆ ನೋಡಬೇಕು.

ಮೊದಲ ಬೊಡ್ಡೆಗೇ ಎಡವಟ್ಟಾಯಿತು. ಅವಳು ಬೆರಳು ತಿರುಗಿಸಿದಳು. ನಾನು ಅವಳ ಮುಖ ನೋಡಲು ಮನಸ್ಸಿಲ್ಲದೆ ಮುಂದೆ ನೋಡಿಕೊಂಡು ಕ್ಲಚ್ಚನ್ನು ಪಟ್ಟನೆ ಬಿಟ್ಟೆ. ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ನೆಲ ಬಿಟ್ಟವು. ಕಣ್ಣಿಗೆ ಆಕಾಶ ಒಂದೇ ಕಂಡಿತು. ಹೇಗೋ ಕ್ಲಚ್ ಒತ್ತಿದೆ, ಚಕ್ರಗಳು ದೊಪ್ಪನೆ ಕೆಳಗೆ ಬಿದ್ದವು. ತಿರುಗಿ ನೋಡಿದರೆ ಸುಮಿತ್ರಳ ಅಂಗೈ ಮೇಲಿತ್ತು. ಯಾವಾಗಿನಿಂದಲೋ ಮೇಲೇ ಇತ್ತು.

ಅವಳು ಮಡ್‌ಗಾರ್ಡ್ ಹಿಡಿದು ನನ್ನ ಹತ್ತಿರ ಬಂದಳು. ಮುಖ ಬಿಳಿಚಿಕೊಂಡಿತ್ತು. "ಅತ್ತಿಗೆ, ನನ್ನ ಮೇಲೆ ಸಿಟ್ಟಿದ್ರೆ ಮನೇಲಿ ಇಟ್ಕಳಿ. ಇನ್ನೂ ಎರಡು ರೊಟ್ಟಿ ಸೀಯ್ಸಿ ಹಾಕಿ, ತಿಂತೀನಿ. ಇಲ್ಲಿ ಮಾತ್ರ ನನ್ನ ಕೈ ನೋಡಿ. ನಮ್ಮನೇರ ಜೀವ ಹೋಗಿದ್ದು ನನ್ನ ಕಣ್ಮುಂದೇನೇ. ಇನ್ನೊಂದು ನೋಡಕ್ಕೆ ನಂಗೆ ಆಗಲ್ಲ" ಅಂದಳು.

ರೊಟ್ಟಿಯ ಸಂಗತಿ ಅವಳಿಗೆ ಮೊದಲಿಂದಲೂ ಗೊತ್ತಿತ್ತು. ನಾನು ಗೇರು ಹಾಕಿದೆ. ಅವತ್ತಿನಿಂದ ಅವಳ ಕೈ ನೋಡಿದೆ.

ಒಬ್ಬರ ಕೈಯನ್ನು ದಿನವಿಡೀ ನೋಡಿದರೆ ಅವರ ಬಗ್ಗೆ ತಿಳಿಯಬಾರದ್ದೂ ತಿಳಿಯುತ್ತದೆ. ಬಳೆ ತೆಗೆದ ಜಾಗದಲ್ಲಿ ಚರ್ಮ ಇನ್ನೂ ಬೆಳ್ಳಗಿತ್ತು. ಕಷ್ಟದ ಬೊಡ್ಡೆಯಾದರೆ ಬೆರಳು ತಿರುಗಿಸುವ ಮುಂಚೆ ಹೆಬ್ಬೆರಳನ್ನು ಒಮ್ಮೆ ಮಡಚುತ್ತಿದ್ದಳು. ದಣಿವಾದರೆ ಎಡಗೈ ಸೊಂಟಕ್ಕೆ ಹೋಗುತ್ತಿತ್ತು. ಅದು ಹೋದ ಕೂಡಲೇ ನಾನೇ ಎಂಜಿನ್ ಆಫ್ ಮಾಡಿ, "ಕಾಫಿ ಕುಡಿಯಾಣ ಬಾ" ಅನ್ನುತ್ತಿದ್ದೆ. ನನಗೆ ದಣಿವಾಗಿದೆ ಅನ್ನುವ ಹಾಗೆ ನಟಿಸುತ್ತಿದ್ದೆ. ಬೊಡ್ಡೆಯ ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿಯುವಾಗ ಅವಳು ಗಂಡನ ವಿಷಯ ಹೇಳುತ್ತಿದ್ದಳು. ಹೃದಯ ನಿಂತುಹೋದ ಬೆಳಿಗ್ಗೆ ಅವನು ಅಂಗಳದಲ್ಲಿ ಮೆಣಸು ಹರಡುತ್ತಿದ್ದನಂತೆ. ಏನೋ ಹೇಳಲು ಕೈ ಎತ್ತಿದನಂತೆ. ಇವಳು ಬಾಗಿಲಲ್ಲಿ ನಿಂತು, ಕರೀತಿದಾರೆ, ಬಂದೆ ಅಂತ ಒಳಗಿನ ಹಾಲು ಇಳಿಸಿ ಬರಲು ಹೋದಳಂತೆ, ಬರುವಷ್ಟರಲ್ಲಿ ಅವನು ಮೆಣಸಿನ ಮೇಲೆ ಬಿದ್ದು ಕೊನೆಯುಸಿರು ಎಳೆಯುತ್ತಿದ್ದನಂತೆ.

ಹೊಟ್ಟೆಕಿಚ್ಚು ಅಲ್ಲಿಗೆ ಆರಿತು ಅಂದುಕೊಂಡರೆ ನಿಮಗೆ ಹೆಂಗಸರ ಹೊಟ್ಟೆ ಗೊತ್ತಿಲ್ಲ. ಅದು ಬರೀ ಜಾಗ ಬದಲಾಯಿಸಿತು. ಸಂಜೆ ಜಗಲಿಯಲ್ಲಿ ಇವರು, "ಇವತ್ತು ಎಷ್ಟು ಸಾಲು ಆಯ್ತೇ ಸುಮಿ?" ಅಂತ ಅವಳನ್ನೇ ಕೇಳುತ್ತಿದ್ದರು. ಓಡಿಸಿದವಳು ನಾನು, ಕೇಳುವುದು ಅವಳನ್ನು. ಸಾಲುಗಳ ಲೆಕ್ಕವೂ ಅವಳದೇ. ಮಾವನವರು ಹಗ್ಗ ಹಿಡಿದು ಸಾಲು ಹಾಕುವಾಗ ಹಗ್ಗದ ಇನ್ನೊಂದು ತುದಿ ಹಿಡಿದವಳಂತೆ, ಹಾಗಾಗಿ ಕಣ್ಣು ಮುಚ್ಚಿ ಹೇಳುತ್ತಿದ್ದಳು, ಇಲ್ಲೊಂದು, ಆ ಬಂಡೆ ಪಕ್ಕ ಇನ್ನೊಂದು ಅಂತ. ಮಣ್ಣು ಮುಚ್ಚಿಹೋದ ಬೊಡ್ಡೆಯನ್ನೂ ಹೆಜ್ಜೆ ಹಾಕಿ ಹುಡುಕಿ ತೆಗೆಯುತ್ತಿದ್ದಳು. ಒಂದೇ ಒಂದು ಸಲವಾದರೂ ಇವಳ ಲೆಕ್ಕ ತಪ್ಪಬಾರದೇ ಅಂತ ನಾನು ಹರಕೆ ಹೊತ್ತದ್ದುಂಟು. ದೇವರು ಯಾವ ಹರಕೆಯನ್ನು ಯಾವಾಗ ಕೇಳಿಸಿಕೊಳ್ಳುತ್ತಾನೆ ಅಂತ ಹೇಳಲು ಬರುವುದಿಲ್ಲ.

ಶಿವರಾತ್ರಿ ಕಳೆದ ಮೇಲೆ ನೆಲ ಕಲ್ಲಾಯಿತು. ಬೊಡ್ಡೆಗಳು ಅಲುಗುವುದೇ ಇಲ್ಲ. ಮಳೆಗೆ ಕಾದೆವು. ಹೂ ಮಳೆ ಬಂತು. ಒಂದು ಮಧ್ಯಾಹ್ನ ಬಿಸಿಲಲ್ಲೇ ಗುಡುಗಿ, ಆಲಿಕಲ್ಲಿನ ಜೊತೆ ಚೆನ್ನಾಗಿ ಹೊಡೆಯಿತು. ಕೆಲವು ದಿನಕ್ಕೆ ಹಳ್ಳದಾಚೆಯ ತೋಟಗಳೆಲ್ಲ ಬೆಳ್ಳಗೆ ಹೂವಾದವು. ಕಾಫಿ ಹೂವಿನ ಘಮ ಮೂಗಿಗೆ ಅಡರುವ ಹಾಗೆ ಬೀಸುತ್ತಿತ್ತು, ನಮ್ಮ ಇಳಿಜಾರಿನಲ್ಲಿ ಮಾತ್ರ ಹಸಿ ಬೇರು, ಡೀಸೆಲ್ಲು. ಮಣ್ಣು ಸಡಿಲವಾಗಿತ್ತು. ಚಕ್ರ ಜಾರುತ್ತಿತ್ತು, ಆದರೆ ಬೊಡ್ಡೆಗಳು ಒಂದರ ಹಿಂದೆ ಒಂದು ಬಂದವು. ಮಾತೇ ಬೇಕಾಗುತ್ತಿರಲಿಲ್ಲ. ಅವಳ ಹೆಬ್ಬೆರಳು ಮಡಚಿದರೆ ಸಾಕು, ನನ್ನ ಕಾಲಿಗೆ ತಿಳಿಯುತ್ತಿತ್ತು. ಯುಗಾದಿಯ ಹಿಂದಿನ ದಿನ ಕೊನೆಯ ಸಾಲಿನ ಕೊನೆಯ ಬೊಡ್ಡೆ ಎದ್ದಾಗ ಇಬ್ಬರೂ ಮಣ್ಣಿನಲ್ಲೇ ಕೂತುಬಿಟ್ಟೆವು.

"ಮುಗೀತು ಅತ್ತಿಗೆ" ಅಂದಳು.

"ಹೂಂ" ಅಂದೆ. ಮುಗಿದದ್ದಕ್ಕೆ ನನಗೆ ಸಂತೋಷವಾಗಬೇಕಿತ್ತು.

ಯುಗಾದಿ ಬೆಳಿಗ್ಗೆ ಇವರು ಪ್ಲಾಸ್ಟರ್ ಬಿಚ್ಚಿಸಿದ ಕಾಲಿಗೆ ಎಣ್ಣೆ ಹಚ್ಚಿಕೊಂಡು, ಹೊಸ ಪಂಚೆ ಉಟ್ಟು, ಕುಂಟುತ್ತಾ ಬಂದು ಸೀಟಿನ ಮೇಲೆ ಕೂತರು. ಹಿಂದೆ ನೇಗಿಲು ಕಟ್ಟಿತ್ತು, ಬಾನೆಟ್ಟಿಗೆ ಮಾವಿನ ತೋರಣ. ಊರವರೆಲ್ಲ ಬದುವಿನ ಮೇಲೆ ಸೇರಿದ್ದರು. ನಾನು ರೇಷ್ಮೆ ಸೀರೆ ಉಟ್ಟು ಆರತಿ ತಟ್ಟೆ ಹಿಡಿದಿದ್ದೆ. ಸುಮಿತ್ರ, ತನಗೆ ಆರತಿಯ ಹತ್ತಿರ ಜಾಗವಿಲ್ಲ ಅಂತ ತಾನೇ ಅಂದುಕೊಂಡು, ದೂರ ಇಳಿಜಾರಿನ ಕೆಳತುದಿಯಲ್ಲಿ ಒಬ್ಬಳೇ ನಿಂತಿದ್ದಳು. ತಿಂಗಳುಗಟ್ಟಲೆ ಬೇರು ಕಿತ್ತವರು ನಾವಿಬ್ಬರು. ಈಗ ಒಬ್ಬಳ ಕೈಗೆ ತಟ್ಟೆ, ಇನ್ನೊಬ್ಬಳ ಕೈ ಖಾಲಿ. ಸೀಟು ಇವರದು. ಗಂಡನ ಮೇಲೂ ಹೊಟ್ಟೆಕಿಚ್ಚು ಬರುತ್ತದೆ ಅಂತ ನನಗೆ ಅವತ್ತು ತಿಳಿಯಿತು.

ಹೊನ್ನೇರು ಎದ್ದಿತು. ಮಣ್ಣು ಮೆತ್ತಗೆ ಬಿಚ್ಚಿಕೊಂಡು ಬಂತು. ಇವರು ಕತ್ತೆತ್ತಿ ಮುಂದೆ ನೋಡುತ್ತಾ ಹೋಗುತ್ತಿದ್ದರು. ಅರ್ಧ ಸಾಲು ದಾಟಿರಬೇಕು, ಸುಮಿತ್ರಳ ಎಡಗೈ ಸೊಂಟಕ್ಕೆ ಹೋಯಿತು. ಮರುಗಳಿಗೆ ಬಲ ಅಂಗೈ ಮೇಲೆದ್ದಿತು.

ಇವರು ನೋಡಲಿಲ್ಲ. ಅಷ್ಟು ಜನರಲ್ಲಿ ನೋಡಿದವಳು ನಾನೊಬ್ಬಳೇ. ಎಡಗಾಲು ನೆಲ ಒತ್ತಿತು, ಆದರೆ ಕಾಲಡಿಯಲ್ಲಿ ಕ್ಲಚ್ ಇರಲಿಲ್ಲ. ತಟ್ಟೆ ದೊಡ್ಡಪ್ಪನ ಕೈಗೆ ತುರುಕಿ ಇವರ ಎದುರಿಗೆ ಓಡಿ ಎರಡೂ ಕೈ ಎತ್ತಿ ನಿಂತೆ. ಇವರು ಗಾಬರಿಯಾಗಿ ಕ್ಲಚ್ ಒತ್ತುವುದಕ್ಕೂ ನೇಗಿಲು ನೆಲದಡಿ ಏನಕ್ಕೋ ಸಿಕ್ಕಿ ಟ್ರ್ಯಾಕ್ಟರಿನ ಮೂತಿ ಒಂದು ಗೇಣು ಎದ್ದು ಬೀಳುವುದಕ್ಕೂ ಸರಿಹೋಯಿತು.

ಸುಮಿತ್ರ ಏದುಸಿರು ಬಿಡುತ್ತಾ ಮೇಲೆ ಬಂದಳು. "ಸಾಲಿನಲ್ಲಿ ಇಲ್ದೇ ಇರೋದು ಒಂದಿತ್ತು ಅಣ್ಣಯ್ಯ. ಮಿಕ್ಕಿದ ಸಸೀನ ಅಪ್ಪ ನನ್ ಕೈಲಿ ಸಾಲಿನಾಚೆ ನೆಡ್ಸಿದ್ರು. ನನ್ನ ಮದುವೆ ಚಪ್ಪರಕ್ಕೆ ಅಂತ ಅದನ್ನ ಆಗ್ಲೇ ಕಡ್ದು, ಚಿಗುರ್ದೇ ಇರ್ಲಿ ಅಂತ ಬುಡ ಸುಟ್ಟಿದ್ರು. ನಾನು ಸಾಲು ಎಣಿಸ್ಕಂಡು ಬಂದೆ, ಅದನ್ನ ಮರ್ತೇಬುಟ್ಟೆ" ಅಂದಳು. ಮುಖ ನೋಡಲಾಗುತ್ತಿರಲಿಲ್ಲ.

ಯಾರೋ ಹಿಂದಿನಿಂದ, "ಗಂಡ ಇಲ್ದೋಳು ಕೈ ಎತ್ತುದ್ಲು, ಹೊನ್ನೇರು ನಿಂತೋಯ್ತು" ಅಂದರು.

ಆ ಮಾತು ಕೇಳಿದಾಗ ನನ್ನ ಮೈಯಲ್ಲಿ ಎದ್ದ ಉರಿ ಬೇರೆಯೇ. ಇವಳನ್ನು ಅನ್ನುವ ಹಕ್ಕು ಯಾರಿಗಾದರೂ ಇದ್ದರೆ ನನಗೆ, ತಿಂಗಳುಗಟ್ಟಲೆ ಉರಿದು ಸಂಪಾದಿಸಿದ ಹಕ್ಕು ಅದು. "ಅವಳು ಕೈ ಎತ್ತದೇ ಇದ್ದಿದ್ರೆ ಈ ಮನುಷ್ಯ ಟ್ರ್ಯಾಕ್ಟರಿನಡಿಗೆ ಇರ್ತಿದ್ರು. ಮಾತಾಡಿದೋರು ಇಲ್ಲಿ ಮುಂದೆ ಬನ್ನಿ" ಅಂದೆ. ಯಾರೂ ಬರಲಿಲ್ಲ. ಇವರ ಕಡೆ ತಿರುಗಿ, "ಇಳೀರಿ" ಅಂದೆ. ಇಳಿದರು. ಗಂಡಸರು ನೇಗಿಲು ಕಳಚಿದರು. ನಾನು ರೇಷ್ಮೆ ಸೀರೆ ಎತ್ತಿಕಟ್ಟಿ ಹತ್ತಿ ಕೂತೆ. ಸುಮಿತ್ರ ಚೈನು ತಂದಳು. ಮಣ್ಣು ಬಗೆದಳು, ಸುತ್ತಿದಳು, ಹೆಬ್ಬೆರಳು ಮಡಚಿದಳು, ಬೆರಳು ತಿರುಗಿಸಿದಳು. ಮೇಲೆ ಕೊಳೆತು ಕಾಣೆಯಾಗಿದ್ದರೂ ಕೆಳಗೆ ತಾಯಿ ಬೇರು ತೊಡೆಗಾತ್ರ ಇತ್ತು. ಒಮ್ಮೆಗೆ ಬರಲಿಲ್ಲ. ಬಿಟ್ಟು ಎಳೆದೆ, ಮತ್ತೆ ಬಿಟ್ಟು ಎಳೆದೆ. ಎದ್ದು ಬಂದ ಮೇಲೂ ಅವಳ ಬೆರಳು ತಿರುಗುತ್ತಲೇ ಇತ್ತು, ನಿಲ್ಲಿಸು ಅನ್ನಲಿಲ್ಲ. ಹಾಗಾಗಿ ನಾನೂ ನಿಲ್ಲಿಸಲಿಲ್ಲ. ಬೇರು ನೆಲ ಸೀಳಿಕೊಂಡು ಸಾಲಿನ ಕೊನೆಯವರೆಗೂ ಬಂತು.

ದೊಡ್ಡಪ್ಪ ಆರತಿ ತಟ್ಟೆ ಹಿಡಿದುಕೊಂಡೇ ಆ ಗೀರನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಬಾಯಲ್ಲಿದ್ದ ಎಲೆ ಅಡಿಕೆ ಉಗಿದು, "ಸಾಲು ಬಿತ್ತಲ್ಲ, ನಿಲ್ಲದೆಯೇ ಬಿತ್ತು. ನೇಗಿಲಂತೂ ಹೆಂಗಸ್ರು ಮುಟ್ಟಲಿಲ್ಲ. ಇದೇ ಹೊನ್ನೇರು ಕಣ್ರಪ್ಪ, ಕಾಯಿ ಒಡೀರಿ" ಅಂದರು. ಕಾಯಿ ಒಡೆದರು.

ಸಂಜೆ ಜಗಲಿಯಲ್ಲಿ ಇವರು ಸುಮಿತ್ರಳನ್ನು ಏನೂ ಕೇಳಲಿಲ್ಲ. ನನ್ನನ್ನು ಕೇಳಿದರು: "ಅವ್ಳ ಕೈ ನಿಂಗೆ ಅಷ್ಟು ದೂರದಿಂದ ಹೆಂಗೆ ಕಾಣಿಸ್ತೇ?"

ಮುಂಗಾರಿಗೆ ಮುಂಚೆ ಹಾನುಬಾಳಿನ ಮಾತುಕತೆ ಮುಗಿಯಿತು. ಅವ್ವ ಇಲ್ಲದ ಮನೆಯಲ್ಲಿ ಮಡಿಲು ತುಂಬುವವಳು ನಾನೇ, ಗಂಡ ಇಲ್ಲದವಳಿಗೆ ತುಂಬಬಾರದು ಅನ್ನುವ ಮಾತಿಗೆ ಕಿವಿಗೊಡಲಿಲ್ಲ. ಅಕ್ಕಿ ಬೆಲ್ಲ ಹಾಕುವಾಗ, "ಇಲ್ಲೇ ಇದ್ಬುಡೆ" ಅಂದೆ. "ರೊಟ್ಟಿ ಸೀಯ್ಸಲ್ಲ ಅಂದ್ರೆ ಇರ್ತೀನಿ" ಅಂತ ನಕ್ಕು ಹೊರಟುಹೋದಳು. ಇಳಿಜಾರಿನಲ್ಲಿ ಈಗ ಕಾಫಿ ಗಿಡ ಎದೆಯುದ್ದ ಬಂದಿದೆ. ಅವಳ ಬೊಡ್ಡೆ ಎದ್ದ ಜಾಗದ ಗಿಡವೇ ಎಲ್ಲಕ್ಕಿಂತ ಚೆನ್ನಾಗಿದೆ. ಅದನ್ನು ನೋಡಿದಾಗಲೂ ಸ್ವಲ್ಪ ಉರಿಯುತ್ತದೆ.

ಹೋದ ವಾರ ಬಸ್ಸನ್ನು ತಿರುವಿನಲ್ಲೇ ನಿಲ್ಲಿಸಿ ಇಳಿದೆ. ರಸ್ತೆಯ ಕೆಳಗಡೆ ಸಿಲ್ವರ್ ಓಕ್ ಕಡಿದ ಒಂದು ಜಾಗ. ಅವಳ ಪಾಲಿಗೆ ಬಂದ ಜಾಗ ಅದೇ ಅಂತ ನನಗೆ ಗೊತ್ತಿತ್ತು. ನಡುವೆ ಒಂದು ಟ್ರ್ಯಾಕ್ಟರು, ಹಿಂದೆ ಚೈನು, ಚೈನಿನ ತುದಿಯಲ್ಲಿ ತಲೆಗೆ ಟವೆಲ್ ಸುತ್ತಿದ ಸುಮಿತ್ರ. ಸೀಟಿನ ಮೇಲೆ ಯಾರೋ ಮೂವತ್ತರ ಆಸುಪಾಸಿನ ಹೆಂಗಸು, ನೆರೆಮನೆಯವಳಿರಬೇಕು. ಮೈ ತಿರುಗಿಸಿ, ಕಣ್ಣು ಮಿಟುಕಿಸದೆ ಸುಮಿತ್ರಳನ್ನೇ ನೋಡುತ್ತಿದ್ದಳು. ಸುಮಿತ್ರ ಹೆಬ್ಬೆರಳು ಮಡಚಿದಳು. ಆ ಹೆಂಗಸಿಗೆ ಅದು ತಿಳಿಯಿತು.

ಸುಮಿತ್ರಳ ಕೆಲಸ ಕಂಡು ಗಂಡ ನಕ್ಕಾಗಲೂ ನನಗೆ ಅಷ್ಟು ಉರಿದಿರಲಿಲ್ಲ.

ಸುಮಿತ್ರ ನನ್ನನ್ನು ಕಂಡು ಅಂಗೈ ಎತ್ತಿದಳು. ಟ್ರ್ಯಾಕ್ಟರ್ ನಿಂತಿತು. ನಾನು ಕೋಡುಬಳೆ ಚೀಲ ಹಿಡಿದು ಬೊಡ್ಡೆಗಳನ್ನು ದಾಟಿಕೊಂಡು ಹೋದೆ.

"ಏನತ್ತಿಗೆ, ಹೇಳ್ದೆ ಕೇಳ್ದೆ?" ಅಂದಳು.

"ನಿನ್ನ ಡ್ರೈವರಮ್ಮ ಕ್ಲಚ್ ಬೇಗ ಬುಡ್ತಾಳೆ" ಅಂದೆ.

"ನೀವೂ ಹಂಗೇ ಬುಡ್ತಿದ್ರಿ."

ನಾನು ಸೀಟಿನ ಮೇಲಿದ್ದವಳ ಕಡೆ ತಿರುಗಿ, "ಒಸಿ ಇಳಿಯಮ್ಮ ಕೆಳಗೆ, ಒಂದು ಬೊಡ್ಡೆ ನಾನು ಕೀಳ್ತೀನಿ" ಅಂದೆ. ಎಂಜಿನ್ ಗುಡುಗುಡು ಅನ್ನುತ್ತಿತ್ತು. ಅವಳು ನನ್ನ ಕಡೆ ನೋಡಲೂ ಇಲ್ಲ. ಅವಳ ಕಣ್ಣು ಸುಮಿತ್ರಳ ಕೈ ಮೇಲೇ ಇತ್ತು, ಕೈ ಇನ್ನೂ ಎತ್ತಿದ ಹಾಗೇ ಇತ್ತು.

ಸುಮಿತ್ರ ನನ್ನ ಮುಖ ನೋಡಿದಳು, ನನ್ನ ಕಾಲಿನ ಕಡೆ ನೋಡಿದಳು. ಆಮೇಲೆ ಅಂಗೈಯನ್ನು ನಿಧಾನಕ್ಕೆ ಕೆಳಗಿಳಿಸಿದಳು.

ಆ ಹೆಂಗಸು ಎಂಜಿನ್ ಆಫ್ ಮಾಡಿ ಇಳಿದಳು. ಅವಳ ಮುಖ ಸಣ್ಣಗಾಗಿತ್ತು. ಉರಿಯಲಿ, ಒಂಚೂರು ಅವಳಿಗೂ ಉರಿಯಲಿ ಅಂದುಕೊಂಡು, ಕೋಡುಬಳೆ ಚೀಲ ಅವಳ ಕೈಗೆ ಕೊಟ್ಟು, ಸೀರೆ ಎತ್ತಿಕಟ್ಟಿ ನಾನು ಹತ್ತಿದೆ.